ಹತ್ತು ವರ್ಷ ಹಾರಿದರೂ ಗೋಲ್ಡ್ ಕಾರ್ಡ್ ಸಿಗಲಿಲ್ಲ ಯಾಕೆ?

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ವಿಮಾನ ಕಂಪನಿಗಳ ಪಾಯಿಂಟು, ಸಿಲ್ವರ್, ಗೋಲ್ಡ್ ಇವುಗಳದ್ದೇ ಜಾಸ್ತಿ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಅಲ್ಲಿ ತುಂಬಾ ಇವೆಯಲ್ವಾ. ಹಾಗಾಗಿ ಪೂರ್ತಿ ಜಾಗ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಗಳು ಸಿಂಗಾಪುರದಲ್ಲಿದ್ದಾಳೆ. ಹತ್ತು ವರ್ಷದಿಂದ ನಾನೂ ನಮ್ಮ ಯಜಮಾನರೂ ವರ್ಷಕ್ಕೊಮ್ಮೆ ಒಂದೇ ಕಂಪನಿಯ ವಿಮಾನದಲ್ಲಿ ಹೋಗಿಬರುತ್ತೇವೆ. ಇನ್ನೂ ಕೆಳಗಿನ ಮೆಟ್ಟಿಲಲ್ಲೇ ಇದ್ದೇವೆ. ಅಣ್ಣನ ಮಗ ಕೆಲಸಕ್ಕೆ ಸೇರಿ ಎರಡೇ ವರ್ಷ, ಆಫೀಸಿನ ಖರ್ಚಲ್ಲಿ ಓಡಾಡಿ ಗೋಲ್ಡ್ ಆಗಿದ್ದಾನೆ. ನಿಯತ್ತಿಗೆ ಬೆಲೆಯೇ ಇಲ್ಲವಾ?
– ಗೋಣಿಕೊಪ್ಪದ ಓದುಗರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಪಾಯಿಂಟು ಬೇರೆ, ಸ್ಟೇಟಸ್ ಅಂದರೆ ಸಿಲ್ವರ್, ಗೋಲ್ಡ್ ಎಂಬ ಮೆಟ್ಟಿಲು ಬೇರೆ. ಪಾಯಿಂಟು ಖಾತೆಯಲ್ಲಿ ಸೇರುತ್ತಾ ಹೋಗುತ್ತದೆ, ಅವಧಿ ಮುಗಿಯುವ ತನಕ ನಿಮ್ಮದು. ಸ್ಟೇಟಸ್ ಹಾಗಲ್ಲ, ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ ಎಷ್ಟು ಆಯಿತು ಎಂದಷ್ಟೇ ನೋಡುತ್ತಾರೆ. ವರ್ಷ ಮುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ನೀವು ವರ್ಷಕ್ಕೊಮ್ಮೆಯಂತೆ ಹತ್ತು ವರ್ಷ ಹೋದದ್ದು ಆ ಲೆಕ್ಕದಲ್ಲಿ ಒಂದು ಸಲ ಹೋದ ಹಾಗೆಯೇ.

ಇನ್ನೊಂದು ಬದಲಾವಣೆ ಆಗಿದೆ, ಅದು ಇನ್ನೂ ದೊಡ್ಡದು. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲವಾಗಿ, ಕಂಪನಿಗಳು ಗಿರಾಕಿಗಾಗಿ ಕಿತ್ತಾಡುವ ಹಾಗಾಯಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇ ಪದೇ ಹಾರುವವರಿಗೆ ಬಹುಮಾನ ಕೊಡುವ ಅಡ್ವಾಂಟೇಜ್ ಯೋಜನೆ ತಂದಿತು, ಕೆಲವೇ ದಿನದಲ್ಲಿ ಯುನೈಟೆಡ್ ಕೂಡ ತಂದಿತು. ಆಗ ಎಣಿಸುತ್ತಿದ್ದದ್ದು ಮೈಲಿಯನ್ನು. ಅಗ್ಗದ ಟಿಕೆಟಲ್ಲಿ ದೂರ ಹೋದವನಿಗೂ ದುಬಾರಿ ಟಿಕೆಟಲ್ಲಿ ಅಷ್ಟೇ ದೂರ ಹೋದವನಿಗೂ ಹೆಚ್ಚುಕಡಿಮೆ ಒಂದೇ ಗೌರವ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, ಮರುವರ್ಷ ಅಮೆರಿಕನ್, ಪಾಯಿಂಟನ್ನು ಕೊಟ್ಟ ದುಡ್ಡಿಗೆ ಗಂಟುಹಾಕಿದವು. ಏರ್ ಇಂಡಿಯಾ 2024ರಲ್ಲಿ ಅದೇ ದಾರಿ ಹಿಡಿಯಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ಸ್ಟೇಟಸ್ಸನ್ನೂ ಖರ್ಚಿನ ಮೇಲೆಯೇ ನಿಲ್ಲಿಸಿದೆ, ಅಲ್ಲಿ ಗೋಲ್ಡ್ ಆಗಲು ವರ್ಷಕ್ಕೆ 20,000 ಪಾಯಿಂಟು ಬೇಕು, ಟಿಕೆಟಿಗೆ ಅರ್ಹ ಖರ್ಚು ಒಂದು ಪೌಂಡ್ ಆದರೆ ಒಂದು ಪಾಯಿಂಟು.

ನಿಮ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಚೆರ್ರಿ ಕಾಫಿ ಮಾರಲು ಹೋದಾಗ ವ್ಯಾಪಾರಿ ಬರೀ ಮೂಟೆ ಎಣಿಸಿ ದುಡ್ಡು ಕೊಡುವುದಿಲ್ಲ. ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ, 50 ಕೆ.ಜಿ. ಮೂಟೆಗೆ ಬೀಜ ಎಷ್ಟು ಬರುತ್ತದೆ ಎಂದು ಓಟಿ ನೋಡುತ್ತಾನೆ. ವಿಮಾನದವರೂ ಮೂಟೆ ಎಣಿಸುವುದು ಬಿಟ್ಟು ಓಟಿ ನೋಡಲು ಶುರುಮಾಡಿದ್ದಾರೆ.

ಹಾಗಾದರೆ ದುಡ್ಡು ಜಾಸ್ತಿ ಕೊಟ್ಟವರಿಗೆ ಮರ್ಯಾದೆ, ಅಷ್ಟೇ ತಾನೆ? ಅಷ್ಟೇ ಅಲ್ಲ. ಕಂಪನಿ ಕೇಳಿಕೊಳ್ಳುವ ಪ್ರಶ್ನೆ ಇನ್ನೊಂದಿದೆ: ಈ ಸೌಲಭ್ಯ ಕೊಡದಿದ್ದರೆ ಈ ಮನುಷ್ಯ ಬೇರೆ ಕಡೆ ಹೋಗುತ್ತಾನಾ? ನೀವು ಬೆಂಗಳೂರಿಂದ ನೇರ ವಿಮಾನ, ಒಳ್ಳೆಯ ದರ, ಗೊತ್ತಿರುವ ಕಂಪನಿ ಎಂದು ಹೋಗುತ್ತೀರಿ. ಲಾಂಜ್ ಕೊಟ್ಟರೂ ಹೋಗುತ್ತೀರಿ, ಕೊಡದಿದ್ದರೂ ಹೋಗುತ್ತೀರಿ. ನಿಮ್ಮನ್ನು ಸೆಳೆಯಲು ಅವರು ಏನೂ ಖರ್ಚು ಮಾಡಬೇಕಾಗಿಲ್ಲ. ನಿಮ್ಮ ಅಣ್ಣನ ಮಗನ ಕಥೆ ಬೇರೆ. ಟಿಕೆಟ್ ಆರಿಸುವವನು ಅವನು, ದುಡ್ಡು ಕೊಡುವವರು ಆಫೀಸಿನವರು. ನಾಳೆ ಮೀಟಿಂಗ್ ಎಂದು ಇವತ್ತು ದುಬಾರಿ ದರಕ್ಕೆ ಬುಕ್ ಮಾಡುತ್ತಾನೆ. ಎರಡು ಕಂಪನಿಯ ವಿಮಾನ ಒಂದೇ ಹೊತ್ತಿಗೆ ಇದ್ದರೆ ಗೋಲ್ಡ್ ಕೊಟ್ಟವರ ಕಡೆ ವಾಲುತ್ತಾನೆ. ಸೌಲಭ್ಯ ಹೋಗುವುದು ಅಲುಗಾಡುವ ಗಿರಾಕಿಗೆ, ಗಟ್ಟಿಯಾಗಿ ನಿಂತವರಿಗಲ್ಲ. ನನಗೆ ಇದು ತಪ್ಪು ಅನಿಸುತ್ತದೆ. ಹತ್ತು ವರ್ಷ ಬಂದವರಿಗೆ ಒಂದು ಒಳ್ಳೆಯ ಸೀಟು, ಹತ್ತು ಕೆ.ಜಿ. ಲಗೇಜು ಜಾಸ್ತಿ ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ಆದರೆ ಲೆಕ್ಕ ಇರುವುದು ಹೀಗೆ, ಅದನ್ನು ತಿಳಿದೇ ನಾವು ಟಿಕೆಟ್ ಮಾಡಬೇಕು.

ಕೊಡುವ ಸೌಲಭ್ಯಗಳನ್ನೂ ಗಮನಿಸಿ. ಮೊದಲು ಹತ್ತಿಸುವುದು, ಬೇರೆ ಕ್ಯೂ, ಇವಕ್ಕೆ ಕಂಪನಿಗೆ ಖರ್ಚೇ ಇಲ್ಲದಷ್ಟು ಕಡಿಮೆ, ಧಾರಾಳವಾಗಿ ಕೊಡುತ್ತಾರೆ. ಲಾಂಜಿಗೆ ತಲೆಗಿಷ್ಟು ಎಂದು ಖರ್ಚು ಬೀಳುತ್ತದೆ. ಬಿಸಿನೆಸ್ ಕ್ಲಾಸಿನ ಸೀಟನ್ನು ಸುಮ್ನೆ ಕೊಟ್ಟರೆ ಮಾರಾಟವೇ ಹೋಗುತ್ತದೆ, ಹಾಗಾಗಿ ಫ್ರೀ ಅಪ್‌ಗ್ರೇಡ್ ಕಮ್ಮಿಯಾಗುತ್ತಾ ಬಂದಿದೆ. ಬಿಗಿ ಮಾಡುವಾಗಲೂ ಅವರಿಗೆ ಭಯ ಇದೆ. ಡೆಲ್ಟಾ 2023ರ ಸೆಪ್ಟೆಂಬರ್‌ನಲ್ಲಿ ಮೇಲಿನ ಡೈಮಂಡ್ ಮೆಟ್ಟಿಲಿಗೆ ವರ್ಷಕ್ಕೆ 35,000 ಡಾಲರ್ ಲೆಕ್ಕ ಇಟ್ಟಿತು. ಗಿರಾಕಿಗಳು ಎಷ್ಟು ಸಿಟ್ಟಾದರು ಎಂದರೆ ಮುಂದಿನ ತಿಂಗಳೇ ಅದು 28,000ಕ್ಕೆ ಇಳಿಯಿತು. ಕೇಳಿದರೆ ಬಗ್ಗುತ್ತಾರೆ. ನೀವೂ ಕಂಪನಿಗೆ ಬರೆಯಿರಿ, ನಿಮ್ಮ ಹಳೆಯ ಪ್ರಯಾಣಗಳ ವಿವರ ಹಾಕಿ, ಲಗೇಜು ಬೇಕು ಎಂದು ನೇರವಾಗಿ ಕೇಳಿ.

ಪ್ರಶ್ನೆ: ವಿಮಾನ ಕಂಪನಿ ಹೆಸರಿನ ಕ್ರೆಡಿಟ್ ಕಾರ್ಡ್ ಮಾಡಿಸಿಕೊಳ್ಳಿ ಎಂದು ಬ್ಯಾಂಕಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ತೋಟದ ಗೊಬ್ಬರ, ಡೀಸೆಲ್ ಎಲ್ಲಾ ಅದರಲ್ಲೇ ಕೊಟ್ಟರೆ ಪಾಯಿಂಟು ಬರುತ್ತದಂತೆ. ಒಳ್ಳೆಯದಾ?
– ಮಡಿಕೇರಿಯ ಓದುಗರು

ಉತ್ತರ: ಬ್ಯಾಂಕಿಗೆ ಯಾಕಿಷ್ಟು ಆಸಕ್ತಿ ಎಂದು ಮೊದಲು ನೋಡಿ. ಬ್ಯಾಂಕು ವಿಮಾನ ಕಂಪನಿಯಿಂದ ಪಾಯಿಂಟನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ, ನಿಮಗೆ ಹಂಚುತ್ತದೆ. ಕಂಪನಿಗೆ ದುಡ್ಡು ಇವತ್ತೇ ಬಂತು, ಸೀಟು ಕೊಡುವುದು ಯಾವತ್ತೋ. ಕೊರೊನಾ ಹೊತ್ತಿನಲ್ಲಿ, 2020ರಲ್ಲಿ, ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ ಎಂಬ ಪಾಯಿಂಟಿನ ಯೋಜನೆಯನ್ನೇ ಅಡವಿಟ್ಟು ಸಾಲ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಷೇರುಪೇಟೆಯಲ್ಲಿ ಇಡೀ ಕಂಪನಿಯ ಬೆಲೆಯೇ ಆಗ ಅದಕ್ಕಿಂತ ಕಮ್ಮಿ ಇತ್ತು! ಅಮೆರಿಕನ್ ಏರ್‌ಲೈನ್ಸ್ 2022ರಿಂದ ಕಾರ್ಡಿನ ಖರ್ಚನ್ನೂ ಸ್ಟೇಟಸ್ಸಿಗೆ ಸೇರಿಸುತ್ತಿದೆ, ಅಂದರೆ ವಿಮಾನ ಹತ್ತದವನೂ ಅಲ್ಲಿ ಗೋಲ್ಡ್ ಆಗಬಹುದು.

ನಿಮ್ಮ ವಿಷಯಕ್ಕೆ ಬರೋಣ. ಡೀಸೆಲ್‌ಗೆ ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ, ಶರತ್ತು ಓದಿ. ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುವವರಾದರೆ ಮಾತ್ರ ಯೋಚಿಸಿ. ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಬಿಲ್ಲು ಬರುವುದು ತಿಂಗಳಿಗೊಮ್ಮೆ. ಬಾಕಿ ಉಳಿದರೆ ತಿಂಗಳಿಗೆ ಶೇ 3ಕ್ಕಿಂತ ಜಾಸ್ತಿ ಬಡ್ಡಿ ಬೀಳುವುದು ಮಾಮೂಲು, ಯಾವ ಪಾಯಿಂಟೂ ಅದನ್ನು ತುಂಬಿಕೊಡಲಾರದು. ತೋಟದ ಖರ್ಚಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮಗೆ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ. ಗಲ್ಫಿಗೆ ಅಲ್ಲಿಂದಲೇ ಹೋಗುತ್ತೇವೆ. ಯಾವ ಕಂಪನಿಯ ಸದಸ್ಯತ್ವ ಮಾಡಿಸಲಿ?
– ವಿರಾಜಪೇಟೆಯ ಓದುಗರು

ಉತ್ತರ: ಮಾಕುಟ್ಟ ಘಾಟಿ ಇಳಿದರೆ ಸುಮಾರು 60 ಕಿ.ಮೀ. ಅಲ್ವಾ, ಬೆಂಗಳೂರಿಗೆ ಹೋಗುವುದಕ್ಕಿಂತ ಎಷ್ಟೋ ವಾಸಿ. 2018ರಲ್ಲಿ ನಿಲ್ದಾಣ ಶುರುವಾದಾಗಿನಿಂದಲೂ ವಿದೇಶಿ ಕಂಪನಿಗಳಿಗೆ ಅಲ್ಲಿ ಅವಕಾಶ ಸಿಗದ ಕಾರಣ, ಗಲ್ಫಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ ಇವೇ ಮುಖ್ಯ. ಎರಡರಲ್ಲೂ ಸದಸ್ಯರಾಗಿ, ಫ್ರೀ. ಇಂಡಿಗೊದ್ದು ಬ್ಲೂಚಿಪ್ ಅಂತ. ಆದರೆ ಪಾಯಿಂಟಿಗೋಸ್ಕರ ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಡಿ, ಟ್ಯಾಕ್ಸಿ ಬಾಡಿಗೆಯೇ ಎಲ್ಲಾ ನುಂಗುತ್ತದೆ.

ಪ್ರಶ್ನೆ: ನನ್ನದು ಗೋಲ್ಡ್ ಇದೆ, ಮಾರ್ಚ್‌ಗೆ ಮುಗಿಯುತ್ತದೆ. ಸ್ವಲ್ಪದರಲ್ಲಿ ಕೊರತೆ. ಸುಮ್ನೆ ಎಲ್ಲಾದರೂ ಒಂದು ಟ್ರಿಪ್ ಹೋಗಿಬಂದು ಉಳಿಸಿಕೊಳ್ಳಲಾ?
– ಸೋಮವಾರಪೇಟೆಯ ಓದುಗರು

ಉತ್ತರ: ಒಂದು ಕಾಗದ ತೆಗೆದುಕೊಂಡು ಕುಳಿತುಕೊಳ್ಳಿ. ಮುಂದಿನ ವರ್ಷ ನಿಜವಾಗಿ ಎಷ್ಟು ಸಲ ಹೋಗುತ್ತೀರಿ ಬರೆಯಿರಿ. ಗೋಲ್ಡ್ ಇಲ್ಲದಿದ್ದರೆ ಯಾವುದಕ್ಕೆ ಕೈಯಿಂದ ದುಡ್ಡು ಕೊಡುತ್ತಿದ್ದಿರಿ, ಅದನ್ನಷ್ಟೇ ಸೇರಿಸಿ. ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಒಕ್ಕೂಟದ ಗೋಲ್ಡ್ ಆಗಿದ್ದರೆ, ಲಗೇಜಿಗೆ ಪೆಟ್ಟಿಗೆಯ ಲೆಕ್ಕ ಬಿಟ್ಟು ತೂಕದ ಲೆಕ್ಕ ಇರುವ ಕಡೆ 20 ಕೆ.ಜಿ. ಲಗೇಜು ಜಾಸ್ತಿ ಸಿಗುತ್ತದೆ. ಮಗನ ಮನೆಗೆ ಕಾಫಿಪುಡಿ, ಕರಿಮೆಣಸು, ಕಾಚಂಪುಳಿ ಬಾಟಲಿ, ಅಕ್ಕಿತರಿ ಎಲ್ಲಾ ಕಟ್ಟಿ, ಹಾಲ್‌ನಲ್ಲಿ ಕೊಕ್ಕೆ ತಕ್ಕಡಿಗೆ ನೇತುಹಾಕಿ, ಒಂದು ಪೊಟ್ಟಣ ತೆಗೆದು ಮತ್ತೆ ತೂಗುವ ಮನೆ ನಿಮ್ಮದಾದರೆ ಆ 20 ಕೆ.ಜಿ.ಗೆ ನಿಜವಾದ ಬೆಲೆ ಇದೆ. ಲಾಂಜಿನ ಇಡ್ಲಿಗೆ ಅಷ್ಟಿಲ್ಲ.

ಬಂದ ಮೊತ್ತ ಟ್ರಿಪ್ಪಿನ ಖರ್ಚಿಗಿಂತ ಜಾಸ್ತಿ ಇದ್ದರೆ ಹೋಗಿಬನ್ನಿ. ಕಮ್ಮಿ ಇದ್ದರೆ ಬಿಟ್ಟುಬಿಡಿ. ಬುಕ್ ಮಾಡುವ ಮೊದಲು ಟಿಕೆಟಿನ ವಿಭಜನೆ ನೋಡಿ, ಜಿಎಸ್‌ಟಿ, ನಿಲ್ದಾಣದ ಶುಲ್ಕ ಇವೆಲ್ಲಾ ಸಾಮಾನ್ಯವಾಗಿ ಪಾಯಿಂಟಿಗೆ ಸೇರುವುದಿಲ್ಲ. ಕೊನೆಗೆ ಸ್ವಲ್ಪದರಲ್ಲಿ ತಪ್ಪಿಹೋದರೆ ಆ ಖರ್ಚೂ ದಂಡ. ಖಾತೆಯಲ್ಲಿರುವ ಪಾಯಿಂಟನ್ನಂತೂ ಕೂಡಿಟ್ಟು ಕಾಯಬೇಡಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಪ್ಲಾಟಿನಂ ಕಾರ್ಡು ಹಿಡಿದವರಿಗೆ ಹತ್ತಲು ವಿಮಾನವೇ ಇರಲಿಲ್ಲ. ಈ ವರ್ಷವೇ ಮನೆಯ ಯಾರಿಗಾದರೂ ಆ ಪಾಯಿಂಟಲ್ಲಿ ಟಿಕೆಟ್ ಮಾಡಿಸಿ.