ಹಳೆಯ ಜಾಝ್ ವಿಡಿಯೊ ನೋಡುವಾಗ ಏನನ್ನು ಗಮನಿಸಬೇಕು?

ಪ್ರಶ್ನೆ: ಟ್ರಂಪೆಟ್ ಕಲಾವಿದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಕೇಳಿದ ಮೇಲೆ ಜಾಝ್ ಹುಚ್ಚು ಹಿಡಿದಿದೆ. ಅದರ ಮೊದಲ ಹಾಡು ‘ಸೋ ವಾಟ್’ನ ಕಪ್ಪುಬಿಳುಪು ವಿಡಿಯೊ ಯೂಟ್ಯೂಬ್‌ನಲ್ಲಿ ಸಿಕ್ಕಿತು. ಆದರೆ ಅದು ಆಲ್ಬಮ್‌ನಲ್ಲಿ ಇರುವ ಹಾಗಿಲ್ಲ. ವೇಗ ಜಾಸ್ತಿ, ಪಿಯಾನೊ ಕೂಡ ಬೇರೆ ಥರ. ಆಲ್ಬಮ್ ರೆಕಾರ್ಡ್ ಆಗುವಾಗ ತೆಗೆದದ್ದೇ ಅಲ್ವಾ ಇದು?
– ಓದುಗರು, ಮೈಸೂರು

ಉತ್ತರ: ಅಲ್ಲ. ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. ಆಲ್ಬಮ್‌ನ ‘ಸೋ ವಾಟ್’ ರೆಕಾರ್ಡ್ ಆದದ್ದು 1959ರ ಮಾರ್ಚ್ 2ರಂದು. ನೀವು ನೋಡಿದ ವಿಡಿಯೊ ಅದೇ ವರ್ಷ ಏಪ್ರಿಲ್ 2ರಂದು ನ್ಯೂಯಾರ್ಕಿನ ಸಿಬಿಎಸ್ ಟಿವಿ ಸ್ಟುಡಿಯೊದಲ್ಲಿ ತೆಗೆದದ್ದು, ನಿರ್ಮಾಪಕ ರಾಬರ್ಟ್ ಹೆರಿಜ್. ಆಲ್ಬಮ್‌ನ ಇನ್ನೆರಡು ಹಾಡುಗಳು ಆಗಿನ್ನೂ ರೆಕಾರ್ಡ್ ಆಗಿರಲಿಲ್ಲ. ಅವು ಆದದ್ದು ಏಪ್ರಿಲ್ 22ಕ್ಕೆ. ಆಲ್ಬಮ್ ಅಂಗಡಿಗೆ ಬಂದದ್ದು ಆಗಸ್ಟ್‌ನಲ್ಲಿ. ಅಂದರೆ ರೆಕಾರ್ಡ್ ಇನ್ನೂ ಹೊರಬರದ ಹಾಡನ್ನು ಮೈಲ್ಸ್ ತಂಡ ಕ್ಯಾಮೆರಾ ಮುಂದೆ ನುಡಿಸುತ್ತಿದೆ. ಇದು ಗೊತ್ತಿದ್ದು ನೋಡಿದರೆ ಆ ವಿಡಿಯೊದ ತೂಕವೇ ಬೇರೆ.

ಪಿಯಾನೊ ಬೇರೆ ಥರ ಕೇಳಿಸುವುದಕ್ಕೆ ಕಾರಣ ಸರಳ, ನುಡಿಸುತ್ತಿರುವವರೇ ಬೇರೆ. ಆಲ್ಬಮ್‌ನಲ್ಲಿ ಬಿಲ್ ಇವಾನ್ಸ್, ವಿಡಿಯೊದಲ್ಲಿ ವಿಂಟನ್ ಕೆಲ್ಲಿ. ಇವಾನ್ಸ್ ಜಾಗ ಬಿಟ್ಟು ಬಿಟ್ಟು ನುಡಿಸುತ್ತಾರೆ. ಕೆಲ್ಲಿಯ ಬೆರಳಲ್ಲಿ ಬ್ಲೂಸ್ (ಜಾಝ್‌ಗೆ ಬೇರಾದ ಕಪ್ಪು ಅಮೆರಿಕನ್ನರ ಹಾಡಿನ ಶೈಲಿ) ಜಾಸ್ತಿ, ಓಟವೂ ಜಾಸ್ತಿ. ನಿಮ್ಮ ಆಲ್ಬಮ್‌ನಲ್ಲೂ ‘ಫ್ರೆಡ್ಡಿ ಫ್ರೀಲೋಡರ್’ ಒಂದಕ್ಕೆ ಪಿಯಾನೊ ನುಡಿಸಿದವರು ಕೆಲ್ಲಿಯೇ. ಅದನ್ನು ಒಮ್ಮೆ ಕೇಳಿ, ಆಮೇಲೆ ವಿಡಿಯೊ ನೋಡಿ, ಕೈ ಗುರುತು ಹತ್ತುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಆಲ್ಟೊ ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆಡರ್ಲಿ ಅವತ್ತು ಮೈಗ್ರೇನ್‌ನಿಂದಾಗಿ ಬಂದಿರಲಿಲ್ಲ. ಹಾಗಾಗಿ ಸ್ಯಾಕ್ಸ್ ಸೋಲೊ ಪೂರ್ತಿ ಜಾನ್ ಕೋಲ್ಟ್ರೇನ್ ಅವರದು.

ಎರಡನೇ ಸಲ ನೋಡುವಾಗ ನುಡಿಸದೆ ನಿಂತವರ ಕಡೆ ಗಮನ ಕೊಡಿ. ತಮ್ಮ ಸೋಲೊ ಮುಗಿಸಿದ ಮೈಲ್ಸ್ ಕೋಲ್ಟ್ರೇನ್‌ಗೆ ಜಾಗ ಬಿಟ್ಟು ಹಿಂದೆ ಸರಿಯುತ್ತಾರೆ. ಅಲ್ಲಿ ಸಿಗರೇಟು ಸೇದುತ್ತಾ ನಿಂತು ಕೇಳುತ್ತಾರೆ. ಕಛೇರಿಯಲ್ಲಿ ತನಿ ಆವರ್ತನಕ್ಕೆ ಬಿಟ್ಟುಕೊಟ್ಟ ಹಾಡುಗಾರರು ತಾಳ ಹಾಕುತ್ತಾ ಕೂತಿರುತ್ತಾರಲ್ಲ, ಹಾಗೆಯೇ ಇದೂ ಸಂಗೀತದ ಒಂದು ಭಾಗ. ರೆಕಾರ್ಡ್‌ನಲ್ಲಿ ಇದು ಸಿಗುವುದಿಲ್ಲ. ನನಗೆ ವಿಡಿಯೊ ಬೇಕಾಗುವುದೇ ಇದಕ್ಕೆ.

ಪ್ರಶ್ನೆ: 1940ರ ದಶಕದ ಕೆಲವು ಚಿಕ್ಕ ಫಿಲ್ಮ್‌ಗಳಲ್ಲಿ ಬೆರಳಿಗೂ ದನಿಗೂ ಹೊಂದಿಕೆಯೇ ಇಲ್ಲ. ಒಂದರಲ್ಲಂತೂ ಎಲ್ಲರೂ ಎಡಗೈನಲ್ಲಿ ನುಡಿಸುವ ಹಾಗೆ ಕಾಣುತ್ತದೆ. ಇವೆಲ್ಲ ನಕಲಿಯೇ?
– ಓದುಗರು, ಧಾರವಾಡ

ಉತ್ತರ: ನಕಲಿ ಅಲ್ಲ. ನೀವು ನೋಡಿದ್ದು ಬಹುಶಃ ‘ಸೌಂಡೀಸ್’. 1940ರಿಂದ 1947ರವರೆಗೆ ಅಮೆರಿಕದ ಬಾರು, ಹೋಟೆಲುಗಳಲ್ಲಿ ಪ್ಯಾನೊರಾಮ್ ಎಂಬ ಪೆಟ್ಟಿಗೆ ಇರುತ್ತಿತ್ತು. ಕಾಸು ಹಾಕಿದರೆ ಸುಮಾರು ಮೂರು ನಿಮಿಷದ ಹಾಡಿನ ಫಿಲ್ಮ್ ಓಡುತ್ತಿತ್ತು. ಪೆಟ್ಟಿಗೆಯೊಳಗೆ ಚಿತ್ರ ಕನ್ನಡಿಗಳ ಮೂಲಕ ತೆರೆಗೆ ಬೀಳುತ್ತಿದ್ದರಿಂದ ಫಿಲ್ಮನ್ನು ಎಡಬಲ ತಿರುಗಿಸಿಯೇ ಪ್ರಿಂಟ್ ಹಾಕುತ್ತಿದ್ದರು. ಆ ಪ್ರಿಂಟನ್ನು ಹಾಗೇ ಕಾಪಿ ಮಾಡಿದರೆ ಎಲ್ಲರೂ ಎಡಚರಾಗಿ ಕಾಣುತ್ತಾರೆ. ಬೆರಳು ಹೊಂದದಿರುವುದಕ್ಕೆ ಕಾರಣ, ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ಅಭಿನಯಿಸಿರುವುದು. ಜಾನ್ ಮಿಲಿ ನಿರ್ದೇಶಿಸಿದ ‘ಜ್ಯಾಮಿನ್ ದ ಬ್ಲೂಸ್’ (1944) ಕೂಡ ಹಾಗೆಯೇ ತಯಾರಾದದ್ದು. ಬೆಳಕು, ನೆರಳು, ಸ್ಯಾಕ್ಸ್ ಕಲಾವಿದ ಲೆಸ್ಟರ್ ಯಂಗ್ ಅವರ ಟೋಪಿ ಎಲ್ಲ ಬಲು ಸೊಗಸು. ಆದರೆ ಅದನ್ನು ನೋಡಿ ಬೆರಳು ಕಲಿಯಲು ಹೋಗಬೇಡಿ.

ಅನುಮಾನ ಬಂದರೆ ಡ್ರಮ್ಸ್ ನುಡಿಸುವವರ ಕೈ ನೋಡಿ. ಕೋಲು ಸಿಂಬಲ್‌ಗೆ ತಾಗುವುದೂ ಸದ್ದೂ ಒಟ್ಟಿಗೆ ಬರದಿದ್ದರೆ ಅದು ಅಭಿನಯ, ಇಲ್ಲವೇ ಕಾಪಿ ಮಾಡುವಾಗ ದನಿ ಜಾರಿದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಆಲ್ಟೊ ಸ್ಯಾಕ್ಸ್ ಕಲಾವಿದ ಚಾರ್ಲಿ ಪಾರ್ಕರ್ ಕಾರಣ. ಇದೇ ಮಿಲಿ 1950ರಲ್ಲಿ ತೆಗೆದ ಪಾರ್ಕರ್ ಫಿಲ್ಮ್ ಅಭಿನಯದ್ದು. ಪಾರ್ಕರ್ ನುಡಿಸುತ್ತಿರುವಾಗಲೇ ಚಿತ್ರವೂ ದನಿಯೂ ಒಟ್ಟಿಗೆ ದಾಖಲಾದದ್ದು ಎಂದು ಗೊತ್ತಿರುವುದು ಒಂದೇ. 1952ರ ಫೆಬ್ರುವರಿಯಲ್ಲಿ ಡ್ಯೂಮಾಂಟ್ ಟಿವಿಯಲ್ಲಿ ಟ್ರಂಪೆಟ್ ಕಲಾವಿದ ಡಿಜ್ಜಿ ಗಿಲೆಸ್ಪಿ ಜೊತೆ ನುಡಿಸಿದ ‘ಹಾಟ್ ಹೌಸ್’. ಅದರಲ್ಲಿ ಪಾರ್ಕರ್ ಮೈ ಅಲುಗುವುದೇ ಇಲ್ಲ ಅನ್ನಬೇಕು. ಬೆರಳುಗಳು ಸ್ಯಾಕ್ಸ್‌ನ ಕೀಲಿ ಬಿಟ್ಟು ಮೇಲೇಳುವುದೂ ಕಡಿಮೆ. ಅಷ್ಟು ವೇಗದ ಸ್ವರಗಳು ಅಷ್ಟು ನಿಶ್ಚಲವಾದ ಮೈಯಿಂದ ಬರುತ್ತಿದ್ದವು ಎಂಬುದನ್ನು ಕಣ್ಣಾರೆ ನೋಡಲು ನಮಗಿರುವುದು ಇದೊಂದೇ.

ಪ್ರಶ್ನೆ: ಜಾಝ್ ಏನೇನೂ ಗೊತ್ತಿಲ್ಲ. ಒಂದೇ ಒಂದು ವಿಡಿಯೊ ಹೇಳಿ. ನಮ್ಮ ಕಡೆಯವರ ನಂಟು ಇರುವ ರೆಕಾರ್ಡ್ ಇದ್ದರೆ ಅದನ್ನೂ ತಿಳಿಸಿ.
– ಓದುಗರು, ಬೆಂಗಳೂರು

ಉತ್ತರ: ವಿಡಿಯೊ ಅಂದರೆ ಬಿಲ್ಲಿ ಹಾಲಿಡೇ ಹಾಡಿದ ‘ಫೈನ್ ಅಂಡ್ ಮೆಲೋ’. 1957ರ ಡಿಸೆಂಬರ್ 8ರಂದು ಸಿಬಿಎಸ್ ‘ದ ಸೌಂಡ್ ಆಫ್ ಜಾಝ್’ ಕಾರ್ಯಕ್ರಮದಲ್ಲಿ ನೇರಪ್ರಸಾರ ಮಾಡಿದ್ದು. ಇದರಲ್ಲಿ ಕೋಲ್‌ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್, ಲೆಸ್ಟರ್ ಯಂಗ್, ಹೀಗೆ ಮೂವರು ದೊಡ್ಡ ಟೆನರ್ ಸ್ಯಾಕ್ಸ್ ಕಲಾವಿದರು ಒಂದೇ ಕಡೆ ಇದ್ದಾರೆ. ಯಂಗ್ ಅವರಿಗೆ ಅವತ್ತು ಮೈ ಹುಷಾರಿರಲಿಲ್ಲ. ತಮ್ಮ ಸರದಿ ಬಂದಾಗ ಎದ್ದು ನಿಂತು ಹನ್ನೆರಡೇ ಬಾರ್ (ತಾಳದ ಆವರ್ತದಂಥ ಅಳತೆ) ನುಡಿಸುತ್ತಾರೆ. ಅವಸರವಿಲ್ಲ, ಒಂದು ಸ್ವರವೂ ಹೆಚ್ಚಿಲ್ಲ. ಆಗ ಕ್ಯಾಮೆರಾ ಹಾಲಿಡೇ ಮುಖಕ್ಕೆ ಹೋಗುತ್ತದೆ. ಹಳೆಯ ಗೆಳೆಯ ನುಡಿಸುವುದಕ್ಕೆ ಅವರು ತಲೆದೂಗುವುದನ್ನು ನೋಡಿ. ಇಬ್ಬರೂ 1959ರಲ್ಲಿ ತೀರಿಕೊಂಡರು, ಮಾರ್ಚ್‌ನಲ್ಲಿ ಯಂಗ್, ಜುಲೈನಲ್ಲಿ ಹಾಲಿಡೇ. ‘ದ ಸೌಂಡ್ ಆಫ್ ಜಾಝ್’ ಹೆಸರಿನ ಎಲ್‌ಪಿ ರೆಕಾರ್ಡ್ ಕೊಂಡರೆ ಈ ಹಾಡುಗಾರಿಕೆ ಸಿಗುವುದಿಲ್ಲ. ಅದು ನಾಲ್ಕು ದಿನ ಮೊದಲು ರೆಕಾರ್ಡ್ ಆದದ್ದು.

ನಮ್ಮ ಕಡೆಯ ನಂಟಿಗೆ ಇಸಿಎಂ ರೆಕಾರ್ಡ್ ಕಂಪನಿಯ ‘ಜ್ಯೋತಿ’ ಕೇಳಿ. 1983ರಲ್ಲಿ ಅಮೆರಿಕದ ಸ್ಯಾಕ್ಸ್ ಕಲಾವಿದ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಮಾಡಿದ ರೆಕಾರ್ಡ್ ಅದು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ ಇದೆ. ಬಾಸ್ ಕಲಾವಿದ ಚಾರ್ಲ್ಸ್ ಮಿಂಗಸ್ ಅವರ 1963ರ ಆಲ್ಬಮ್ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಕೂಗಿ ಅತ್ತಂತೆ ಕೇಳುವ ಆಲ್ಟೊ ಸ್ಯಾಕ್ಸ್ ಕೂಡ ಇದೇ ಮರಿಯಾನೊ ಅವರದು. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿ, ಮೊದಲು ಮಿಂಗಸ್, ಆಮೇಲೆ ‘ಜ್ಯೋತಿ’.