ಆರ್ಕ್‌ಟಿಕ್ ಹಿಮದಲ್ಲಿ ಗೆಳತಿಗೆ 'ಮದುವೆ ಆಗ್ತೀಯಾ' ಎಂದು ಕೇಳಬೇಕು. ಹೇಗೆ ಯೋಜಿಸಲಿ?

ನನ್ನ ಆಯ್ಕೆ ಸ್ವೀಡನ್ನಿನ ಅಬಿಸ್ಕೊ. ಆರ್ಕ್‌ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿರುವ ಪುಟ್ಟ ಊರು. ಸುತ್ತಲಿನ ಬೆಟ್ಟಗಳು ಮೋಡ ತಡೆಯುವುದರಿಂದ ಇಲ್ಲಿ ತಿಳಿಯಾದ ರಾತ್ರಿಗಳು ಜಾಸ್ತಿ. ಡಿಸೆಂಬರ್ ಬೇಡ, ಆಗ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಫೆಬ್ರುವರಿ ಕೊನೆ ಅಥವಾ ಮಾರ್ಚ್ ಆದರೆ ಹಗಲಿನ ಬೆಳಕೂ ಸಿಗುತ್ತದೆ, ಧ್ರುವಪ್ರಭೆಗೆ (ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನಾರ್ದರ್ನ್ ಲೈಟ್ಸ್) ಬೇಕಾದ ಕತ್ತಲೂ ಸಿಗುತ್ತದೆ.

ಆದರೆ ಧ್ರುವಪ್ರಭೆ ಕಂಡಾಗಲೇ ಕೇಳುತ್ತೇನೆ ಎಂದು ಹಟ ಹಿಡಿಯಬೇಡಿ. ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಕಾಣದಿದ್ದರೆ ಕೊನೆಯ ಸಂಜೆ, ಹಿಮವೆಲ್ಲ ನೀಲಿಯಾಗುವ ಹೊತ್ತಿನಲ್ಲಿ, ಹೆಪ್ಪುಗಟ್ಟಿದ ಟೋರ್ನೆಟ್ರಾಸ್ಕ್ ಸರೋವರದ ದಡದಲ್ಲಿ ಕೇಳಿಬಿಡಿ. ಅದೂ ಅಷ್ಟೇ ಚೆಂದ.

ಉಂಗುರದ ಬಗ್ಗೆ ಮಾತ್ರ ಹುಷಾರು. ಚಳಿಗೆ ಬೆರಳು ಸಣ್ಣಗಾಗುತ್ತದೆ, ಸರಿಯಾಗಿ ಕೂರುವ ಉಂಗುರವೂ ಸಡಿಲವಾಗುತ್ತದೆ. ಪುಡಿಹಿಮದಲ್ಲಿ ಬಿದ್ದರೆ ಹುಡುಕೋದು ತುಂಬಾ ಕಷ್ಟ. ಅದಕ್ಕೊಂದು ದಾರ ಕಟ್ಟಿ ಒಳಜೇಬಿನಲ್ಲಿಡಿ. ಮೈನಸ್ 20 ಡಿಗ್ರಿಯಲ್ಲಿ ಅವರ ಗ್ಲೌಸ್ ಬಿಚ್ಚಿಸಿ ಉದ್ದದ ಮಾತು ಆಡಬಾರದು ಅಲ್ವಾ? ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ, ಆಮೇಲೆ ಗ್ಲೌಸ್ ತೆಗೆಸಿ. ಫೋನ್ ಬ್ಯಾಟರಿಯೂ ಚಳಿಗೆ ಬೇಗ ಇಳಿಯುತ್ತದೆ. ಫೋಟೊ ತೆಗೆಯುವವರೆಗೆ ಅದನ್ನು ಜಾಕೆಟ್ಟಿನ ಒಳಗೇ ಬೆಚ್ಚಗಿಡಿ.