ಮಳೆಯಿಲ್ಲದ ಊರಿಗೆ ಹೊಳೆ ಬರುವ ಬಗೆ

ಪ್ರಶ್ನೆ: ನಮ್ಮ ಹುಣಸಗಿ ಭಾಗದಲ್ಲಿ ಒಂದು ಹನಿ ಮಳೆಯಾಗದ ದಿನಗಳಲ್ಲೂ ನಾರಾಯಣಪುರದ ಬಸವಸಾಗರದಿಂದ ನೀರು ಬಿಡುತ್ತಾರೆ, ಕೆಳಗಿನ ಗಡ್ಡಿಗಳ (ಹೊಳೆಯ ನಡುಗಡ್ಡೆಗಳ) ದಾರಿ ಮುಚ್ಚಿಹೋಗುತ್ತದೆ. ಅಷ್ಟು ದೊಡ್ಡ ಜಲಾಶಯ ಆ ನೀರನ್ನು ಹಿಡಿದಿಟ್ಟುಕೊಳ್ಳಬಾರದೇ?
- ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಮಹಾಬಳೇಶ್ವರ ಮತ್ತು ಕೊಯ್ನಾ ಸೀಮೆಯಲ್ಲಿ ಸುರಿದ ಮಳೆಯೇ ಕೃಷ್ಣೆಯಾಗಿ ಆಲಮಟ್ಟಿಗೂ, ಅಲ್ಲಿಂದ ನಾರಾಯಣಪುರಕ್ಕೂ ಬರುತ್ತದೆ. ಆದ್ದರಿಂದ ನಿಮ್ಮೂರಿನ ಆಕಾಶ ನೋಡಿ ಹೊಳೆಯನ್ನು ಅಳೆಯಲಾಗದು. 1982ರಲ್ಲಿ ಪೂರ್ಣಗೊಂಡ ಬಸವಸಾಗರ ದಂಡೆಯ ಮೇಲೆ ನಿಂತವರಿಗೆ ಸಮುದ್ರದಂತೆ ಕಂಡರೂ ಅದರ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ಮಾತ್ರ, ಆಲಮಟ್ಟಿಯದು 123. ಇನ್ನು ಒಳಹರಿವಿನ ಲೆಕ್ಕ ಹಾಕಿ: 1 ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ 1 ಲಕ್ಷ ಘನ ಅಡಿ ನೀರು, ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಅಡಿಯಾಗುತ್ತದೆ. 2 ಲಕ್ಷ ಕ್ಯುಸೆಕ್ ಬರುತ್ತಿರುವಾಗ ಜಲಾಶಯ ಪೂರ್ತಿ ಬರಿದಾಗಿದ್ದರೂ ಎರಡು ದಿನದೊಳಗೆ ತುಂಬಿಬಿಡುತ್ತದೆ, ಮಳೆಗಾಲದ ನಡುವೆ ಅದು ಬರಿದಾಗಿರುವುದಂತೂ ಇಲ್ಲ. ಸುರಪುರ, ಶಹಾಪುರ, ಜೇವರ್ಗಿಯ ಕಡೆಗೆ ಸಾಗುವ ಎಡದಂಡೆ ಕಾಲುವೆ ಹೊರಬಲ್ಲದ್ದು ಈ ಪ್ರವಾಹದ ಅಲ್ಪ ಪಾಲನ್ನಷ್ಟೆ. ಹಾಗಾಗಿ ಬಂದಷ್ಟು ನೀರನ್ನು ಕೆಳಗೆ ಬಿಡದೆ ಗತ್ಯಂತರವಿರುವುದಿಲ್ಲ.

ಇದರ ಬಿಸಿ ಮೊದಲು ತಟ್ಟುವುದು ಅಣೆಕಟ್ಟಿನ ಕೆಳಗಿರುವ ನೀಲಕಂಠರಾಯನಗಡ್ಡಿಯಂಥ ಪುಟ್ಟ ವಸತಿಗಳಿಗೆ. 2013ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ, ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಡ ಸೇರಿದ್ದು ನಾಡಿಗೆಲ್ಲ ಸುದ್ದಿಯಾಗಿತ್ತು. ಪತ್ರಿಕೆಗಳು ಅದನ್ನು ಸಾಹಸವೆಂದು ಕೊಂಡಾಡಿದವು. ಹೆರಿಗೆಗೆ ಆಸ್ಪತ್ರೆ ತಲುಪಲು ಬೇರೆ ದಾರಿಯೇ ಇರಲಿಲ್ಲ ಎಂಬುದೇ ಅದರೊಳಗಿನ ನಿಜವಾದ ಸುದ್ದಿ ಎಂದು ನಮಗನ್ನಿಸುತ್ತದೆ. ಇನ್ನೂ ಕೆಳಗೆ, ಶಹಾಪುರ ಮತ್ತು ದೇವದುರ್ಗವನ್ನು ಜೋಡಿಸುವ ಕೊಳ್ಳೂರು ಸೇತುವೆಯೂ ದೊಡ್ಡ ಹೊಳೆ ಬಂದಾಗ ಮುಳುಗುತ್ತದೆ.

ಅಣೆಕಟ್ಟು ಇಂಥ ಪ್ರವಾಹವನ್ನು ತಡೆಯಲಾರದು. ಆದರೆ ಮೇಲಿನಿಂದ ನೀರು ಬರುವ ಮುನ್ಸೂಚನೆ ಸಿಕ್ಕಾಗಲೇ ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಜಾಗ ಮಾಡಿಕೊಂಡರೆ, ಒಮ್ಮೆಲೇ ಗೇಟು ತೆರೆಯುವ ಪ್ರಸಂಗ ಕಡಿಮೆಯಾಗುತ್ತದೆ. ಡಂಗುರ ಸಾರಿಸಲು, ದನಕರುಗಳನ್ನು ದಡಕ್ಕೆ ಸಾಗಿಸಲು, ನದಿಪಾತ್ರದ ಪಂಪ್‌ಸೆಟ್ ಬಿಚ್ಚಲು ಸಮಯವೂ ಸಿಗುತ್ತದೆ. ಜಲಾಶಯದ ಮಟ್ಟ ಇಂತಿಷ್ಟು ಮೀಟರ್ ಎಂಬ ಸುದ್ದಿ ಕಾಲುವೆಯ ರೈತರಿಗೆ ಬೇಕಾದದ್ದು. ಗಡ್ಡಿಯಲ್ಲಿರುವವರು ದಿನವೂ ಕೇಳಿ ತಿಳಿಯಬೇಕಾದದ್ದು ಹೊರಹರಿವು ಎಷ್ಟು ಕ್ಯುಸೆಕ್ ಎಂಬುದನ್ನು.